ಬೀಗರ ಮನೆಯಲ್ಲಿ ಉಪ್ಪು ಕೇಳಿದ್ದು

ಎರಡು ವಾರದ ಹಿಂದೆ ರಾಮನಗುಳಿಯಲ್ಲಿ, ನನ್ನ ಬೀಗರ ಹಿತ್ತಲಲ್ಲಿ, ಅವರ ಹೊಸ ಬಾವಿಯ ಮೊದಲ ತಂಬಿಗೆ ನೀರನ್ನು ಬಾಯಿಗೆ ಹಾಕಿಕೊಂಡೆ. ಕಣ್ಣು ಮುಚ್ಚಿದೆ. ನಾಲಿಗೆಯ ಮೇಲೆ ಆಚೆ ಈಚೆ ಹೊರಳಿಸಿದೆ. ಸುತ್ತ ನಿಂತವರೆಲ್ಲ ನನ್ನ ಗಂಟಲನ್ನೇ ನೋಡುತ್ತಿದ್ದರು. ನುಂಗಿದೆ. ಆಮೇಲೆ ತೀರ್ಪು ಕೊಟ್ಟೆ.

"ಈ ನೀರಲ್ಲಿ ಎಂತದೋ ದೋಷ ಅದೆ."

ಗಂಗಪೂಜೆಯ ಊದುಬತ್ತಿ ಇನ್ನೂ ಆರಿರಲಿಲ್ಲ. ಒಡೆದ ತೆಂಗಿನಕಾಯಿಯ ನೀರು ಬಾವಿಕಟ್ಟೆಯ ಮೇಲೆ ಹಸಿಯಾಗಿಯೇ ಇತ್ತು. ಬೆಲ್ಲದ ತಟ್ಟೆ ಹಿಡಿದು ನಿಂತಿದ್ದ ನನ್ನ ಬೀಗಿತ್ತಿ, ಅಂದರೆ ಮಗಳು ಸುಮಾಳ ಅತ್ತೆ, ತಟ್ಟೆಯನ್ನು ಕೆಳಗಿಟ್ಟರು.

ಮಗಳ ಅತ್ತೆ ತಟ್ಟೆ ಕೆಳಗಿಟ್ಟರೆ ಅದರ ಅರ್ಥ ಏನು ಎಂದು ಹೆಣ್ಣು ಕೊಟ್ಟವರಿಗೆಲ್ಲ ಗೊತ್ತು.

ಆ ತೀರ್ಪು ಕೊಟ್ಟ ನಾಲಿಗೆಯ ಕಥೆಯೇ ಈ ವಾರದ ಅಂಕಣ. ಓದಿ ನಗಬಹುದು. ನಮ್ಮ ಮನೆಯವಳು ಈಗಾಗಲೇ ನಕ್ಕು ಮುಗಿಸಿದ್ದಾಳೆ.

ಹೊಸದಾಗಿ ಓದುವವರು ಯಾರಾದರೂ ಇದ್ದರೆ ಅವರಿಗೆ ಹೇಳುತ್ತೇನೆ. ನಾನು ಬೆಳಂಬಾರದವ. ಬಾವಿ ತೋಡುವುದು, ಚಿರೇಕಲ್ಲಿನಲ್ಲಿ ಅದರ ಸುತ್ತು ಕಟ್ಟುವುದು ನನ್ನ ಕೆಲಸ. ಶಾಲೆಯನ್ನು ಆರನೇ ಇಯತ್ತೆಗೇ ಬಿಟ್ಟೆ (ಶಾಲೆಯೇ ಬಿಟ್ಟಿತು ಎಂದು ಮನೆಯವಳು ತಿದ್ದುತ್ತಾಳೆ). ಈ ಪತ್ರಿಕೆಯ ಸಂಪಾದಕರು ನನ್ನ ಕಾಗುಣಿತವನ್ನು ಸರಿ ಮಾಡುತ್ತಾರೆ. ಸೊಕ್ಕನ್ನು ಮಾತ್ರ ಇದ್ದ ಹಾಗೇ ಅಚ್ಚು ಹಾಕುತ್ತಾರೆ. ಓದುವವರಿಗೆ ಅದೇ ಇಷ್ಟವಂತೆ.

ಸೊಕ್ಕಿಗೆ ಕಾರಣ ಇತ್ತು. ಬಾವಿ ತೋಡುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ನಾಲಿಗೆ ಇದ್ದವ ನಾನೊಬ್ಬನೇ. ಒರತೆ ಒಡೆದ ಮೊದಲ ನೀರನ್ನು ಬಾಯಲ್ಲಿ ಇಟ್ಟುಕೊಂಡರೆ ಸಾಕು, ಇದು ಕುಡಿಯಲು ಆಗುತ್ತದೆ, ಇದು ತೋಟಕ್ಕೆ ಮಾತ್ರ, ಇದರಲ್ಲಿ ಬೇಳೆ ಬೇಯುವುದಿಲ್ಲ ಎಂದು ಹೇಳಿಬಿಡುತ್ತಿದ್ದೆ. ಅಂಕೋಲೆಯ ಊರುಗಳಲ್ಲಿ ಹೊಸ ಬಾವಿ ಆದರೆ ಪುರೋಹಿತರ ಜೊತೆಗೆ ನನಗೂ ಬರಬೇಕೆಂದು ಹೇಳಿಕೆ ಬರುತ್ತದೆ. ಪುರೋಹಿತರು ಮಂತ್ರ ಹೇಳುವುದು, ನಾನು ರುಚಿ ಹೇಳುವುದು. ಕದ್ರಾ ಅಣೆಕಟ್ಟಿನ ಕಾಲೊನಿಯವರು ಒಮ್ಮೆ ನನಗಾಗಿ ಜೀಪು ಕಳಿಸಿದ್ದರು. ಜೀಪಿನಲ್ಲಿ ಮುಂದೆ ಕುಳಿತು ಹೋದ ಆ ದಿನವನ್ನು ಇದೇ ಅಂಕಣದಲ್ಲಿ ಎರಡು ಸಲ ಬರೆದಿದ್ದೇನೆ. ಯಾರೂ ಬೇಡ ಎನ್ನಲಿಲ್ಲ.

ಇನ್ನು ನಮ್ಮ ಮನೆಯ ಬಾವಿ. ಅದು ನಾನೇ ತೋಡಿದ್ದು. ಸಮುದ್ರ ಎಷ್ಟು ಹತ್ತಿರ ಎಂದರೆ ಅಂಗಳದಲ್ಲಿ ಹಾಕಿದ ಬಟ್ಟೆಗೆ ಅಲೆಯ ತುಂತುರು ತಾಗುತ್ತದೆ. ಮನೆಯ ಹಿಂದೆ ಗಜನಿ, ಅಂದರೆ ಉಬ್ಬರದ ನೀರನ್ನು ಮಣ್ಣಿನ ಕಟ್ಟು ಹಾಕಿ ತಡೆದು ಭತ್ತ ಬೆಳೆಯುವ ತಗ್ಗು ಗದ್ದೆ. ಮುಂದೆ ಉಪ್ಪು, ಹಿಂದೆ ಉಪ್ಪು, ನಡುವೆ ನನ್ನ ಸಿಹಿನೀರು. ಇಂಥ ನೀರು ಎಲ್ಲಿದೆ? ಆದ್ದರಿಂದ ನಾನು ಎಲ್ಲಿಗೆ ಹೋದರೂ ಅದನ್ನು ಬಾಟ್ಲಿಯಲ್ಲಿ ತುಂಬಿಕೊಂಡು ಹೋಗುತ್ತೇನೆ. ಬಾಟ್ಲಿ ಗೋವಾದ್ದು, ಅದರ ಚೀಟಿ ಇನ್ನೂ ಹೋಗಿಲ್ಲ. ಬಸ್ಸಿನಲ್ಲಿ ನಾನು ಅದನ್ನು ಎತ್ತಿ ಕುಡಿದಾಗಲೆಲ್ಲ ಕಂಡಕ್ಟರು ಬೇರೆ ಕಡೆ ನೋಡುತ್ತಾನೆ.

ಆ ಬಾಟ್ಲಿ ಹೋದ ತಿಂಗಳು ಕಾರವಾರದಲ್ಲಿ ಒಂದು ಸಭೆಯನ್ನು ಗೆದ್ದು ಬಂದಿತ್ತು. ಗೆದ್ದಿತ್ತು ಎಂದು ನಾನು ತಿಳಿದುಕೊಂಡಿದ್ದೆ.

ಸಭೆ ಪರಿಸರದ ಮೇಲೆ. ಘಟ್ಟದ ಮೇಲಿನಿಂದ ಬಂದ ಒಬ್ಬ ಉಪನ್ಯಾಸಕರು, ತೆಳ್ಳಗಿನ ಮನುಷ್ಯ, ಗೋಡೆಯ ಮೇಲೆ ಸ್ಲೈಡು ಬಿಟ್ಟು ಮಾತಾಡಿದರು. ಭೂಮಿಯ ಕಾವು ಏರುತ್ತಿದೆ ಎಂದರು. ಸಮುದ್ರ ಮೇಲೆ ಬರುತ್ತದೆ, ಮಳೆಗೆ ಹೊತ್ತುಗೊತ್ತು ಇರುವುದಿಲ್ಲ, ಕರಾವಳಿಯ ಬಾವಿಗಳು ಒಂದೊಂದಾಗಿ ಉಪ್ಪಾಗುತ್ತವೆ, ದಿನದ ದುಡಿಮೆಯ ಮೇಲೆ ಬದುಕುವವರಿಗೆ ಮೊದಲ ಪೆಟ್ಟು ಬೀಳುತ್ತದೆ ಎಂದರು. ಜನ ಚಹಾ ಯಾವಾಗ ಬರುತ್ತದೆ ಎಂದು ಬಾಗಿಲ ಕಡೆ ನೋಡುತ್ತಿದ್ದರು.

ನಾನು ಎದ್ದು ನಿಂತೆ.

"ಸರ್, ನಿಮ್ಮ ಮಾತು ಪುಸ್ತಕದ್ದು. ನಂದು ಬಾವಿದು. ಇದು ಸಮುದ್ರದ ಬುಡದಲ್ಲಿರೂ ನೀರು. ಕುಡ್ದು ನೋಡಿ, ಆಮೇಲೆ ಹೇಳಿ."

ಬಾಟ್ಲಿ ಕೈಯಿಂದ ಕೈಗೆ ದಾಟಿ ವೇದಿಕೆಗೆ ಹೋಯಿತು. ಅವರು ಪಾಪ, ಚೀಟಿ ನೋಡಿ ಒಮ್ಮೆ ಅನುಮಾನಪಟ್ಟರು. ಲೋಟಕ್ಕೆ ಸುರಿದುಕೊಂಡು ಒಂದು ಗುಟುಕು ಕುಡಿದರು. ಅವರ ಮುಖ ಒಂದು ಥರ ಆಯಿತು. ಕರವಸ್ತ್ರ ತೆಗೆದು ತುಟಿ ಒರೆಸಿಕೊಂಡರು.

"ಥ್ಯಾಂಕ್ಸ್. ನೀವು ದಿನಾ ಇದೇ ನೀರು ಕುಡೀತೀರಾ?"

"ಬಾವಿ ತೋಡ್ದಾಗಿಂದ."

"ಬಿ.ಪಿ. ಚೆಕ್ ಮಾಡಿಸಿದ್ದೀರಾ?"

ಸೋತವ ಮಾತು ಬದಲಿಸುತ್ತಾನೆ ಅಲ್ಲವೇ? ನಾನು ಹಾಗೆಂದೇ ತಿಳಿದೆ. ಸಭೆ ಚಪ್ಪಾಳೆ ತಟ್ಟಿತು. ನನ್ನ ಪಕ್ಕದಲ್ಲಿದ್ದ ಕಾರವಾರದ ಮುದುಕರೊಬ್ಬರು ಬೆನ್ನು ಚಪ್ಪರಿಸಿ "ಬರೆ ಸಾಂಗ್ಲೆ ರೇ" ಎಂದರು. ಚೆನ್ನಾಗಿ ಹೇಳಿದೆ ಎಂದು ಕೊಂಕಣಿಯಲ್ಲಿ ಹೊಗಳಿದರೆ ನನಗೆ ಎರಡು ಪಟ್ಟು ಖುಷಿ. ಅಂಕೋಲೆಯ ಬಸ್ಸಿನಲ್ಲಿ ನಾನು ಒಬ್ಬನೇ ನಗುತ್ತ ಬಂದೆ.

ಅದಾಗಿ ಕೆಲವು ದಿನಗಳಿಗೆ ಸೋಮಿ ಬಂದಳು.

ಸೋಮಿ ನಮ್ಮ ನೆರೆಯವಳು. ನಮ್ಮ ಬೇಲಿಗೆ ತಾಗಿ ಉಸುಕಿನ ಒಂದು ಪಟ್ಟಿ ಇದೆ, ಅದರಲ್ಲಿ ಹಸಿಮೆಣಸು, ಹರಿವೆ ಸೊಪ್ಪು ಬೆಳೆಸುತ್ತಾಳೆ. ಬುಟ್ಟಿ ಹೊತ್ತು ಅಂಕೋಲೆ ಪೇಟೆಗೆ ಹೋಗಿ ಮಾರುತ್ತಾಳೆ. ಬೇಸಿಗೆ ಪೂರ್ತಿ ಅವರ ಮನೆ ನಡೆಯುವುದು ಆ ಪಟ್ಟಿಯ ಮೇಲೆ. ಮೊದಲಾದರೆ ಗಜನಿಯಲ್ಲಿ ಕೊಯ್ಲಿನ ಕೂಲಿಯಾದರೂ ಇತ್ತು. ಹಿಂದಿನ ಮಳೆಗಾಲದಲ್ಲಿ ಕಟ್ಟು ಒಡೆದು ಉಬ್ಬರದ ನೀರು ಒಳಗೆ ನುಗ್ಗಿದ ಮೇಲೆ ಅಲ್ಲಿ ಯಾರೂ ಭತ್ತ ಬಿತ್ತಿಲ್ಲ. ಬಿತ್ತದ ಗದ್ದೆಯಲ್ಲಿ ಕೊಯ್ಯುವುದೇನು? ಗಂಡ ಸಿಕ್ಕ ಕೆಲಸಕ್ಕೆ ಹೋಗುತ್ತಾನೆ, ಸಿಗದ ದಿನ ಮನೆಯಲ್ಲಿರುತ್ತಾನೆ.

ಆ ಪಟ್ಟಿಗೆ ಸೋಮಿ ತಾನೇ ತೆಗೆದ ಗುಂಡಿಯಿಂದ ನೀರು ಹಾಕುತ್ತಿದ್ದಳು. ಈ ವರ್ಷ ಮಳೆ ಗಣಪತಿ ಹಬ್ಬಕ್ಕೆಲ್ಲ ಕೈ ತೊಳೆದುಕೊಂಡು ಹೋಯಿತು. ಸಂಕ್ರಾಂತಿ ಹೊತ್ತಿಗೆ ಗುಂಡಿಯಲ್ಲಿ ಕಪ್ಪೆಗೂ ನೀರು ಇರಲಿಲ್ಲ.

"ವಡೆಯಾ, ನಿಮ್ಮ ಬಾವಿಲಿ ಎರಡು ಕೊಡ ಸೇದ್ಕಳ್ಲೋ?"

"ಎರಡೆಂತಕ್ಕೆ, ಇಪ್ಪತ್ತು ಸೇದ್ಕಾ."

ಅವಳು ಕೊಡ ಇಳಿಸಿದಳು, ಎಳೆದಳು. ಬೆರಳು ಅದ್ದಿ ತುಟಿಗೆ ಮುಟ್ಟಿಸಿಕೊಂಡಳು. ಸ್ವಲ್ಪ ಹೊತ್ತು ಕೊಡದೊಳಗೆ ನೋಡುತ್ತ ನಿಂತಳು.

"ಈ ನೀರು ಮೆಣಸಿನ ಸಸಿಗೆ ಆಗೂದೋ?"

ನನಗೆ ಸಿಟ್ಟು ಬಂತು. ಕಾರವಾರದ ಸಭೆಯನ್ನು ಗೆದ್ದ ನೀರಿಗೆ ಸೋಮಿಯ ಪ್ರಶ್ನೆ. "ನನ್ನ ಬಾವಿ ನೀರು ಆಗೂದೋ ಕೇಳ್ತೀಯಲೇ ನೀನು?" ಎಂದು ಅವಳ ಕೊಡದಿಂದಲೇ ಬೊಗಸೆಯಲ್ಲಿ ಎತ್ತಿಕೊಂಡೆ. ಕಣ್ಣು ಮುಚ್ಚಿದೆ (ಇಷ್ಟು ಚಿಕ್ಕ ಕೆಲಸಕ್ಕೂ ಕಣ್ಣು ಮುಚ್ಚುವುದು ನನ್ನ ಪದ್ಧತಿ). ನುಂಗಿದೆ.

"ಅಮೃತ. ಹಾಕು."

"ನೀವು ಹೇಳ್ದ ಮೇಲೆ ಮುಗೀತು. ನೀವು ರಾಮನಗುಳಿಗೆ ಹೋಗೂ ದಿವ್ಸ ಸಂಜೀಕೆ ನೆಡ್ತೆ. ಅವತ್ತು ಚಲೋ ದಿವ್ಸ ಅಂತೆ."

ಹೀಗೆ ಎರಡು ಗೆಲುವುಗಳನ್ನು ಹೊತ್ತುಕೊಂಡು, ಬಾಟ್ಲಿ ತುಂಬಿಸಿಕೊಂಡು, ನಾನು ರಾಮನಗುಳಿಯ ಬಸ್ಸು ಹತ್ತಿದ್ದು. ಅಲ್ಲಿ ತೀರ್ಪು ಕೊಟ್ಟಿದ್ದು. ಬೀಗಿತ್ತಿ ತಟ್ಟೆ ಕೆಳಗಿಟ್ಟಿದ್ದು.

"ಎಂತಾ ದೋಷ?" ಎಂದು ಬೀಗರು ಕೇಳಿದರು. ಮೆದು ಮನುಷ್ಯ. ಬಾವಿಗೆ ಹಾಕಿದ ಕಲ್ಲು, ಬೆವರು ಎಲ್ಲ ಅವರ ಮುಖದ ಮೇಲೆ ಕಾಣುತ್ತಿತ್ತು.

"ಸಪ್ಪೆ. ನೀರಿಗೆ ಒಂದು ಸತ್ವ ಅಂತ ಇರ್ತದೆ ನೋಡಿ. ಅದಿಲ್ಲ ಇದರಲ್ಲಿ."

ಸತ್ವ ಎಂಬ ಮಾತನ್ನು ನಾನು ಎಲ್ಲಿಂದ ತಂದೆನೋ ನನಗೇ ಗೊತ್ತಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಿಬ್ಬರು ತಾವೂ ಕುಡಿದು ನೋಡಿ, ನನ್ನ ಮುಖ ನೋಡಿ, "ಹೌದು ಹೌದು, ಎಂತದೋ ಒಂದು ಕಮ್ಮಿ ಅದೆ" ಎಂದರು. ನಾಲಿಗೆಗೆ ಹೆಸರು ಬಂದರೆ ಇದೊಂದು ಅನುಕೂಲ. ನೀವು ತಪ್ಪು ಹೇಳಿದರೂ ಊರಿನ ಬಾಯಿಗೆ ಅದೇ ರುಚಿ ಹತ್ತುತ್ತದೆ.

ಊಟಕ್ಕೆ ಕುಳಿತೆವು. ಸಾರು ಬಡಿಸಿದರು. ಉಪ್ಪು ಇಲ್ಲ. ಕೇಳಿದೆ, ಸುಮಾ ತಂದು ಹಾಕಿದಳು. ಪಲ್ಯ ಬಂತು. ಅದಕ್ಕೂ ಉಪ್ಪಿಲ್ಲ. ಮತ್ತೆ ಕೇಳಿದೆ. ಹೊಸ ಬಾವಿಯ ನೀರಿನಲ್ಲಿ ಬೇಯಿಸಿದರೆ ಹೀಗೇ ಆಗುತ್ತದೆ ಎಂದು ಒಳಗೊಳಗೇ ನನ್ನ ತೀರ್ಪಿಗೆ ನಾನೇ ಸಾಕ್ಷಿ ಹಾಕಿಕೊಂಡೆ. ಹುಳಿಗೆ ಮೂರನೇ ಸಲ ಕೈ ಚಾಚಿದಾಗ ಬೀಗಿತ್ತಿ ಅಡುಗೆಮನೆಯಿಂದ ಉಪ್ಪಿನ ಭರಣಿಯನ್ನೇ ತಂದು ನನ್ನ ಎಲೆಯ ಮಗ್ಗುಲಿಗೆ ಇಟ್ಟರು.

"ಸಣ್ಣ ಚಮಚಿಲಿ ಸಾಲೂಲಾ ನಿಮಗೆ. ಕೈಯಲ್ಲೇ ಹಾಕ್ಕಳಿ."

ಸಾಲಿನಲ್ಲಿ ಕುಳಿತ ಬೇರೆ ಯಾರೂ ಉಪ್ಪು ಕೇಳಿರಲಿಲ್ಲ. ಎಲ್ಲರೂ ಸೊರ್ ಸೊರ್ ಎಂದು ಸುಖವಾಗಿ ಉಣ್ಣುತ್ತಿದ್ದರು. ಅಲ್ಲಿಯಾದರೂ ನನಗೆ ತಿಳಿಯಬೇಕಿತ್ತು. ಸೊಕ್ಕು ಇದ್ದವನಿಗೆ ಅಷ್ಟು ಬೇಗ ತಿಳಿಯುತ್ತದೆಯೇ? ನಾನು ಚೀಲದಿಂದ ಬಾಟ್ಲಿ ತೆಗೆದು ಗಟಗಟ ಕುಡಿದೆ.

"ನೀರು ಅಂದ್ರೆ ಇದು," ಎಂದೆ.

ಬೀಗಿತ್ತಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರು. "ಕೊಡಿ ನೋಡ್ವಾ ಆ ಸತ್ವ."

ಲೋಟಕ್ಕೆ ಸುರಿದುಕೊಂಡು ಬಾಯಿ ತುಂಬ ಕುಡಿದರು. ನುಂಗಲಿಲ್ಲ. ಸರಸರ ಹಿಂಬಾಗಿಲಿಗೆ ಹೋಗಿ ಬಾಳೆ ಬುಡಕ್ಕೆ ಉಗಿದು ಬಂದರು.

"ಇದು ಕುಡಿಯೂ ನೀರೋ, ಮೀನು ತೊಳದ್ದೋ?"

ಒಬ್ಬರು ನಕ್ಕರು. ಬಾಟ್ಲಿ ಸಾಲಿನಲ್ಲಿ ಹೋಯಿತು. ಕುಡಿದವರ ಮುಖ ಒಂದೊಂದಾಗಿ ಒಂದು ಥರ ಆಯಿತು. ಆ ಮುಖವನ್ನು ನಾನು ಎಲ್ಲೋ ನೋಡಿದ್ದೆ. ಎಲ್ಲಿ? ಕಾರವಾರದ ವೇದಿಕೆಯ ಮೇಲೆ. ಕರವಸ್ತ್ರ ತುಟಿಗೆ ಹೋಗುವ ಮುಂಚಿನ ಮುಖ.

"ಎಲ್ಲಾ ಸೇರ್ಕಂಡು ಆಟ ಆಡ್ತೀರೋ?" ಎಂದೆ.

ಆಗ ಸುಮಾ, ಬಡಿಸುವ ಸೌಟು ಹಿಡಿದುಕೊಂಡೇ, ಮೆಲ್ಲಗೆ ತನ್ನ ಆಯಿಯ, ಅಂದರೆ ನಮ್ಮ ಮನೆಯವಳ, ಗುಟ್ಟು ಹೇಳಿದಳು. "ಅಪ್ಪಾ, ಆಯಿ ಗಂಜಿಗೆ ಉಪ್ಪು ಹಾಕೂದು ಬಿಟ್ಟು ಎಷ್ಟೋ ದಿವ್ಸ ಆಯ್ತು. ಸಾರಿಗೂ ಹಾಕೂಲಾ. ನೀರಲ್ಲೇ ಸಾಕಾಗ್ತದೆ ಅಂದ್ಲು. ನಾನು ಹಬ್ಬಕ್ಕೆ ಬಂದಾಗ ನೋಡದ್ನಲ. ನಿಮ್ಮ ಹತ್ರ ಹೇಳೂದು ಬೇಡ ಅಂದ್ಲು."

ನಾನು ಎಲೆ ಬಿಟ್ಟು ಎದ್ದು ಹೊಸ ಬಾವಿಗೆ ಹೋದೆ. ನೀರು ಸೇದಿ ಬಾಯಿ ಮುಕ್ಕಳಿಸಿದೆ. ಮತ್ತೆ ಮುಕ್ಕಳಿಸಿದೆ. ಮತ್ತೆ ಮತ್ತೆ. ಬಹಳ ಹೊತ್ತಾದ ಮೇಲೆ ಒಂದು ಗುಟುಕು ಕುಡಿದೆ. ಏನೂ ರುಚಿ ಇರಲಿಲ್ಲ. ತಣ್ಣಗೆ, ಹಗುರಕ್ಕೆ, ಬಾಯಲ್ಲಿ ಇದ್ದದ್ದೇ ಗೊತ್ತಾಗದ ಹಾಗೆ ಇಳಿದು ಹೋಯಿತು.

ಏನೂ ಇಲ್ಲದಿರುವುದೇ ಸಿಹಿನೀರಿನ ರುಚಿ. ಎಷ್ಟು ಮನೆಗಳಲ್ಲಿ ಎಷ್ಟು ಜನಕ್ಕೆ ನಾನು ಇದನ್ನು ಪಾಠ ಮಾಡಿದ್ದೆ.

"ಬೀಗಿತ್ತೀ, ತೀರ್ಪು ವಾಪಸ್," ಎಂದೆ, ಹಿಂದೆಯೇ ಬಂದು ನಿಂತವರ ಕಡೆ ತಿರುಗಿ. "ನಿಮ್ಮ ನೀರು ಚಿನ್ನ. ದೋಷ ನನ್ನ ಬಾಯಿದು."

"ಅದು ನಂಗೆ ನಿಶ್ಚಿತಾರ್ಥದ ದಿವ್ಸವೇ ಗೊತ್ತಿತ್ತು," ಎಂದರು ಅವರು. ತಟ್ಟೆ ಎತ್ತಿಕೊಂಡು ಒಂದು ಚೂರು ಬೆಲ್ಲ ನನ್ನ ಕೈಗೆ ಹಾಕಿದರು. ಸುಮಾಳ ಮುಖ ಆಗ ಸ್ವಲ್ಪ ಬಿಚ್ಚಿತು.

ಬೆಲ್ಲ ಬಾಯಿಗೆ ಹಾಕಿಕೊಳ್ಳುವಾಗ ಸೋಮಿ ನೆನಪಾದಳು.

ಅವಳು ಸಸಿ ನೆಡುವುದು ಇವತ್ತು. ಸಂಜೆ. ನನ್ನ ಅಮೃತ ಹಾಕಿ.

ಪಾಯಸ ಒಲೆಯ ಮೇಲಿತ್ತು. ಪಾಯಸ ಬಿಟ್ಟು ಓಡಿದ ಬೀಗ ಎಂದು ರಾಮನಗುಳಿಯವರು ಇನ್ನು ಹತ್ತು ವರ್ಷ ಹೇಳಿಕೊಳ್ಳಲಿ, ಅಡ್ಡಿಯಿಲ್ಲ. ರಸ್ತೆಗೆ ಬಂದು ಕೈ ಅಡ್ಡ ಹಿಡಿದೆ. ಯಲ್ಲಾಪುರದಿಂದ ಬಂದ ಬಸ್ಸು ನಿಂತಿತು. ನಿಂತದ್ದು ಅಲ್ಲಿ ಮಾತ್ರವಲ್ಲ, ಮುಂದೊಂದು ತಿರುವಿನಲ್ಲಿ ಲಾರಿ ಕೆಟ್ಟು ಅಡ್ಡ ಬಿದ್ದಿತ್ತು, ಅಲ್ಲಿಯೂ ನಿಂತಿತು. ಡ್ರೈವರು ಇಳಿದು ಬೀಡಿ ಹಚ್ಚಿದ. ನಾನು ಸೀಟಿನಲ್ಲಿ ಕುಳಿತು ಗಂಗಾವಳಿ ಹೊಳೆಯನ್ನು ನೋಡಿದೆ. ಹೊಳೆ ಕಲ್ಲಿನ ನಡುವೆ ಎಳೆ ಎಳೆಯಾಗಿ ಹರಿಯುತ್ತಿತ್ತು. ಈ ದಿನಗಳಲ್ಲಿ ಅದು ಇಷ್ಟು ಸಣ್ಣಗಿರುವುದನ್ನು ನಾನು ಕಂಡಿರಲಿಲ್ಲ. ಮೇಲಿಂದ ಸಿಹಿನೀರಿನ ಒತ್ತಡ ಇಲ್ಲದಿದ್ದರೆ ಕೆಳಗಿಂದ ಉಪ್ಪು ಬಂದೇ ಬರುತ್ತದೆ. ಇದೂ ನನಗೆ ಗೊತ್ತಿದ್ದದ್ದೇ.

ಗೊತ್ತಿದ್ದದ್ದು ಇನ್ನೂ ಬೇಕಾದಷ್ಟಿತ್ತು. ನಮ್ಮ ಮನೆಯ ಮುಂದಿನ ತೆಂಗಿನ ಸಾಲಿನಲ್ಲಿ ಮೊದಲ ಮರ ಸಮುದ್ರಕ್ಕೆ ಬಿದ್ದಾಗ ಅದು ಮುದಿ ಮರ ಎಂದಿದ್ದೆ. ಎರಡನೆಯದು ಬಿದ್ದಾಗ ಗಾಳಿ ಎಂದಿದ್ದೆ. ಗಜನಿಯ ಕಟ್ಟು ಒಡೆದು ಮನೆಯ ಹಿಂದೆಯೇ ಉಪ್ಪುನೀರು ನಿಂತಾಗ ಕಟ್ಟು ಹಾಕಿದವರಿಗೆ ಬೈದಿದ್ದೆ. ಮಳೆ ಬೇಗ ಹೋದದ್ದಕ್ಕೆ ಪಂಚಾಂಗಕ್ಕೆ ಬೈದಿದ್ದೆ. ನೀರು ಕೆಳಗೆ ಹೋಯಿತು ಎಂದು ಬಂದವರಿಗೆಲ್ಲ ಇನ್ನೂ ಆಳ ಮಾಡಿ, ಪಂಪು ಕೂಡಿಸಿ ಎಂದಿದ್ದವ ನಾನೇ. ಸಮುದ್ರದ ಬುಡದಲ್ಲಿ ಆಳಕ್ಕೆ ಇಳಿದಷ್ಟೂ, ಎಳೆದಷ್ಟೂ ಏನು ಬರುತ್ತದೆ? ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದ್ದೆ. ಒಟ್ಟು ಮಾಡಲಿಲ್ಲ. ಕೂಡುವ ಲೆಕ್ಕ ಕಲಿಯುವ ಮುಂಚೆಯೇ ಶಾಲೆ ಬಿಟ್ಟವ ಅಂತೂ ನಾನಲ್ಲ. ಅದನ್ನು ಒಂದನೇ ಇಯತ್ತೆಯಲ್ಲೇ ಕಲಿಸಿದ್ದರು.

ಅಂಕೋಲೆಯಲ್ಲಿ ಬಿಟ್ಟು ಹೋಗಿದ್ದ ಸೈಕಲ್ಲನ್ನು ಎತ್ತಿಕೊಂಡು ತುಳಿದೆ. ಬೆಳಂಬಾರ ಮುಟ್ಟುವಾಗ ಸೂರ್ಯ ಸಮುದ್ರಕ್ಕೆ ಹತ್ತಿರವಾಗಿದ್ದ. ಸೋಮಿ ಉಸುಕಿನ ಪಟ್ಟಿಯಲ್ಲಿ ಕೊನೆಯ ಸಾಲಿನ ಬುಡಕ್ಕೆ ಮಣ್ಣು ಒತ್ತುತ್ತಿದ್ದಳು. ಮೆಣಸಿನ ಸಸಿಗಳು ಸಾಲಾಗಿ, ಸಣ್ಣಗೆ, ಎದ್ದು ನಿಂತಿದ್ದವು. ಬುಡ ಎಲ್ಲ ಒದ್ದೆ.

"ನೀರು ಹಾಕಿದ್ಯನೇ?"

"ಎಲ್ಲದಕ್ಕೂ ಆಯ್ತು ವಡೆಯಾ. ಯೆಂತಕ್ಕೆ ಹೀಂಗೆ ಓಡಿ ಬಂದ್ರಿ? ಬೀಗರ ಮನೇಲಿ ಆರಾಮ ಅದಾರಲ?"

"ಅವ್ರು ಆರಾಮ ಅದಾರೆ. ನೀರು ಸಮ ಇಲ್ಲ. ನನ್ನ ಬಾವಿ ನೀರು ಉಪ್ಪಾಗ್ಯದೆ ಸೋಮಿ."

ಅವಳು ಕೂಗಲಿಲ್ಲ. ಕೂಗಿದ್ದರೆ ನನಗೆ ಸುಲಭ ಆಗುತ್ತಿತ್ತು, ತಿರುಗಿ ಕೂಗಬಹುದಿತ್ತು. ಹಿಮ್ಮಡಿಯ ಮೇಲೆ ಕುಳಿತು ಕೈಯ ಮಣ್ಣು ಉದುರಿಸಿದಳು.

"ನಂಗೂ ಬಾಯಿಗೆ ಉಪ್ಪೇ ಹತ್ತಿತ್ತು," ಎಂದಳು. "ನೀವು ಅಮೃತ ಅಂದ್ರಿ. ಎಲೆಯಡಿಕೆ ತಿಂದು ತಿಂದು ನನ್ನ ಬಾಯೇ ಹಾಳಾಗ್ಯದೆ ಅಂದ್ಕಂಡೆ."

ನನ್ನ ಹೆಸರಿನ ಮೇಲೆ ಜನ ತಮ್ಮ ನಾಲಿಗೆಯನ್ನೇ ನಂಬುವುದು ಬಿಟ್ಟಿದ್ದಾರೆ. ಇದನ್ನೇ ಇಷ್ಟು ವರ್ಷ ನಾನು ಮರ್ಯಾದೆ ಎಂದು ತಿಳಿದಿದ್ದು.

"ಕಿತ್ತು ಬೇರೆ ನೆಡ್ವ," ಎಂದೆ.

"ಕಿತ್ರೆ ಬದ್ಕೂಲಾ ಅವು. ಉಸುಕು ನೆಲ ಅಲ್ಲವೋ, ಮೇಲಿಂದ ಸಿಹಿನೀರು ಚಲೋ ಹೊಯ್ದ್ರೆ ಉಪ್ಪು ಕೆಳಗೆ ಇಳೀತದೆ. ಇಳದ್ರೆ ಬದ್ಕಿದ್ವು." ಒಂದು ಸಸಿಯ ಬುಡ ಒತ್ತುತ್ತ ಅವಳೇ ಹೇಳಿದಳು, "ಇವು ಹೋದ್ರೆ ಈ ಬೇಸಿಗೆಗೆ ನಂಗೆ ಬೇರೆ ಎಂತದೂ ಇಲ್ಲ."

ಸಿಹಿನೀರು ಎಲ್ಲಿಂದ ತರುವುದು? ಗುಡ್ಡದ ಬುಡದಲ್ಲಿ ಒಂದು ಹಳೆಯ ಕೆರೆ ಇದೆ. ಎಮ್ಮೆ ಮೀಯುವ ಕೆರೆ ಎಂದು ಇದೇ ಅಂಕಣದಲ್ಲಿ ಅದನ್ನು ಗೇಲಿ ಮಾಡಿದ್ದೆ, ನೆನಪಿದ್ದವರು ಈಗ ನಗಬಹುದು. ಅಡ್ಡ ಕೋಲಿಗೆ ಎರಡು ಕೊಡ ಕಟ್ಟಿ ಹೆಗಲಿಗೆ ಹಾಕಿಕೊಂಡು ನಾನೇ ಅಲ್ಲಿಗೆ ನಡೆದೆ. ಕೆರೆಯಲ್ಲಿ ಒಂದು ಎಮ್ಮೆ ಇತ್ತು. ನನ್ನನ್ನು ನೋಡಿ ಅದು ಏಳಲಿಲ್ಲ. ಅದಕ್ಕೂ ಓದಲು ಬರುತ್ತದೆಯೋ ಏನೋ.

ಎರಡನೇ ಸುತ್ತಿಗೆ ನಮ್ಮ ಮನೆಯವಳು ಕೊಡ ಹಿಡಿದು ಜೊತೆಗೆ ಬಂದಳು. ಬೇಲಿಯ ಆಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಯಾವಾಗಿಂದ ಗೊತ್ತಿತ್ತು ನಿಂಗೆ?" ಎಂದೆ.

"ಹಿಂದಿನ ಬೇಸಿಗೇಲಿ ಒಂಚೂರು ಬಂದಿತ್ತು. ಮಳೆ ಬಿದ್ದ ಮೇಲೆ ಹೋತು. ಈ ಸಲ ದೀಪಾವಳಿಗೇ ಬಂತು."

"ಹೇಳೂಕೆ ಎಂತಾಗಿತ್ತು?"

"ಹೇಳಿದ್ದೆ. ಸಾರು ಉಪ್ಪಾಗ್ಯದೆ ಅಂತ ನೀವೇ ಎಲೆ ಮುಂದೆ ಕೂಗದ್ರಿ. ನೀರು ನೋಡಿ ಅಂದೆ. ನನ್ನ ಬಾವಿಗೆ ಹೆಸರಿಡಬೇಡ, ನಿನ್ನ ಕೈ ನೋಡ್ಕಾ ಅಂದ್ರಿ. ನೋಡ್ಕಂಡೆ. ಉಪ್ಪು ಕಮ್ಮಿ ಮಾಡ್ದೆ. ಆಮೇಲೆ ಬಿಟ್ಟೇ ಬಿಟ್ಟೆ. ಅವತ್ತಿಂದ ನನ್ನ ಕೈಗೆ ಹದ ಬಂತು ಅಂತ ಹೊಗಳೂಕೆ ಶುರು ಮಾಡದ್ರಿ. ಮದ್ವೆಯಾದಾಗಿಂದ ಹೊಗಳಿರ್ಲಿಲ್ಲ. ಇರ್ಲಿ ಅಂತ ಸುಮ್ನಿದ್ದೆ."

ನಾನು ಕೊಡದ ನೀರು ಚೆಲ್ಲದ ಹಾಗೆ ನಡೆಯುವುದರ ಕಡೆ ಗಮನ ಕೊಟ್ಟೆ. ಅವಳು ದಾರಿಯುದ್ದಕ್ಕೂ ನಕ್ಕಳು. ನಗು ನಿಂತ ಮೇಲೆ ಒಂದು ಮಾತು ಕೇಳಿದಳು. "ನಾನಾರೂ ಗಂಜಿಗೆ ಉಪ್ಪು ಬಿಟ್ಟು ಸುಧಾರಿಸ್ದೆ. ಅವ್ಳು ಮೆಣಸಿಗೆ ಎಂತಾ ಬಿಟ್ಟು ಸುಧಾರಿಸೂದು?"

ಅವತ್ತು ಕತ್ತಲಾಗುವವರೆಗೆ ಹೊತ್ತೆವು. ಮಾರನೇ ದಿನವೂ ಹೊತ್ತೆವು. ಈಗಲೂ ಹೊರುತ್ತಿದ್ದೇವೆ, ಬೆಳಿಗ್ಗೆ ಮತ್ತು ಸಂಜೆ. ಈ ಅಂಕಣವನ್ನು ಎಡಗೈಯಲ್ಲಿ ಹೆಗಲು ತಿಕ್ಕಿಕೊಳ್ಳುತ್ತ ಬರೆಯುತ್ತಿದ್ದೇನೆ. ಸಸಿಗಳಲ್ಲಿ ಕೆಲವು ಅಂಚು ಸುಟ್ಟ ಹಾಗಾಗಿ ಬಗ್ಗಿ ಹೋದವು. ಉಳಿದವು ಹೊಸ ಚಿಗುರು ತೋರಿಸಿವೆ. ಸೋಮಿ ಸತ್ತ ಜಾಗಗಳಲ್ಲಿ ಹರಿವೆ ಬೀಜ ಉದುರಿಸಿದ್ದಾಳೆ. ನಾನು ಕೊಡ ಇಳಿಸಿದಾಗಲೆಲ್ಲ ಅವಳು ಮೊದಲು ಬೆರಳು ಅದ್ದಿ ತಾನೇ ರುಚಿ ನೋಡುತ್ತಾಳೆ. ನನ್ನನ್ನು ಕೇಳುವುದಿಲ್ಲ. ಅದು ನನಗೆ ಒಳ್ಳೆಯದೆನಿಸುತ್ತದೆ. ಸ್ವಲ್ಪ ಉರಿಯುತ್ತದೆ ಕೂಡ, ಸುಳ್ಳು ಯಾಕೆ ಹೇಳಲಿ.

ಮೊನ್ನೆ ಕೇಳಿದಳು. "ಮುಂದಿನ ವರ್ಷ ಈ ಕೆರೆಗೂ ಉಪ್ಪು ಬಂದ್ರೆ ಎಲ್ಲಿಗೆ ಹೋಗೂದು ವಡೆಯಾ?"

ಬಾವಿ ತೋಡುವವನಿಗೆ ಕೇಳಬೇಕಾದ ಸರಿಯಾದ ಪ್ರಶ್ನೆ. ಇನ್ನೂ ಆಳ ಮಾಡುವ ಎನ್ನಲು ಬಾಯಿ ತೆರೆದಿದ್ದೆ, ಮುಚ್ಚಿಕೊಂಡೆ. ಗಜನಿಯ ಕಟ್ಟನ್ನು ಮಳೆಗೆ ಮುಂಚೆ ಎಲ್ಲರೂ ಸೇರಿ ಹಾಕಬೇಕು, ಕಲ್ಲಿನ ಕೆಲಸ ನನ್ನದು ಎಂದು ಊರಲ್ಲಿ ಹೇಳಿ ಬಂದಿದ್ದೇನೆ. ಅದರಿಂದ ಸಮುದ್ರ ನಿಲ್ಲುತ್ತದೆಯೇ? ಗೊತ್ತಿಲ್ಲ. ಗೊತ್ತಿಲ್ಲ ಎಂಬ ಮಾತನ್ನು ಈ ಅಂಕಣದಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ, ಸಂಪಾದಕರು ಅಚ್ಚಿನ ತಪ್ಪು ಎಂದು ತಿದ್ದಬಾರದು.

ಆ ಉಪನ್ಯಾಸಕರು ಈ ಪತ್ರಿಕೆ ಓದುತ್ತಾರೋ ಇಲ್ಲವೋ. ಓದಿದರೆ ಅವರಿಗೊಂದು ಮಾತು. ಸರ್, ನೀವು ಅವತ್ತು ಉಗಿಯದೆ ನುಂಗಿದಿರಿ, ನಿಮ್ಮದು ದೊಡ್ಡ ಮನಸ್ಸು. ಉಗಿದಿದ್ದರೆ ಸೋಮಿಯ ಆ ಸತ್ತ ಸಸಿಗಳೂ ಉಳಿಯುತ್ತಿದ್ದವು. ನಮ್ಮ ಬೀಗಿತ್ತಿಯನ್ನು ನಿಮ್ಮ ಮುಂದಿನ ಸಭೆಗೆ ಕರೆಸಿಕೊಳ್ಳಿ. ನೀವು ಹೇಳಿದ ಹಾಗೆ ಬಿ.ಪಿ. ಕೂಡ ಚೆಕ್ ಮಾಡಿಸಿದೆ. ಅಂಕೋಲೆಯ ಡಾಕ್ಟರು ಯಂತ್ರ ನೋಡಿ, ನನ್ನನ್ನು ನೋಡಿ, ಇವತ್ತಿನಿಂದಲೇ ಉಪ್ಪು ಬಿಡಬೇಕು ಎಂದರು. ಬಿಟ್ಟು ತಿಂಗಳುಗಟ್ಟಲೆ ಆಯಿತು ಡಾಕ್ಟ್ರೇ, ಎಂದೆ.

ರುಚಿ ನೋಡಲು ಹೇಳಿಕೆ ಇನ್ನೂ ಬರುತ್ತದೆ. ಸುದ್ದಿ ಅಷ್ಟು ದೂರ ಹೋಗಿಲ್ಲ (ಈ ಸಂಚಿಕೆ ಹೋದ ಮೇಲೆ ಹೋಗುತ್ತದೆ). ಈಗ ನಾನು ಕಣ್ಣು ಮುಚ್ಚುವುದಿಲ್ಲ. ಒಂದು ಗುಟುಕು ಕುಡಿದು, ತಂಬಿಗೆಯನ್ನು ಆ ಮನೆಯ ಹೆಂಗಸರ ಕೈಗೆ ಕೊಟ್ಟು, ನಿಮ್ಮ ಬಾಯಿಗೆ ಹೇಗಿದೆ ಎಂದು ಕೇಳುತ್ತೇನೆ.

ನೀವೂ ಇವತ್ತು ಊಟಕ್ಕೆ ಕುಳಿತು ಸಾರು ಹದವಾಗಿದೆ ಎಂದು ಹೊಗಳುವ ಮುಂಚೆ, ಒಮ್ಮೆ ಅಡುಗೆಮನೆಯ ಕಡೆ ತಿರುಗಿ ಕೇಳಿ: ಇದಕ್ಕೆ ಉಪ್ಪು ಹಾಕಿದ್ದೀರೋ, ಇಲ್ಲವೋ?